ನೂರಾ ಹದಿನೇಳನೆಯ ಕಟ್ಟು

ನವೆಂಬರ್ 17, 2025, ಸೋಮವಾರ. ಮಧ್ಯಾಹ್ನ 2.40ಕ್ಕೆ ಕಾಶಿಯ ಸೋನಾರ್‌ಪುರದ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಹಾಲಗೇರಿ ಮಠದ ಕಾರ್ಯದರ್ಶಿ ಸೋಮಲಿಂಗಯ್ಯ. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಕೈಲಾಸ ಆಗ ಮೊಬೈಲ್ ನೋಡುತ್ತಿದ್ದ. ಅವನ ಬ್ಯಾಚಿನವನೊಬ್ಬನಿಗೆ ಬಡ್ತಿ ಸಿಕ್ಕಿತ್ತು. ವಾಟ್ಸಪ್ ಗುಂಪಿನಲ್ಲಿ ಐವತ್ತಮೂರು ಅಭಿನಂದನೆಗಳು ಬಿದ್ದಿದ್ದವು. ಐವತ್ತನಾಲ್ಕನೆಯದನ್ನು ಟೈಪ್ ಮಾಡಲು ಬೆಳಿಗ್ಗೆಯಿಂದ ಅವನ ಹೆಬ್ಬೆರಳು ಏಳುತ್ತಿರಲಿಲ್ಲ. ಕೈಲಾಸ ಹುಟ್ಟಿ ಬೆಳೆದದ್ದು ಕಾಶಿಯಲ್ಲೇ, ಅವನಪ್ಪ ಇದೇ ಮಠದಲ್ಲಿ ಪೂಜೆಗಿದ್ದವರು. ಹಾಗಾಗಿ ಹಿಂದಿಯಲ್ಲಿ ಶುರುವಾದ ದೂರು ಎರಡನೇ ಮಾತಿಗೇ ಕನ್ನಡಕ್ಕೆ ಇಳಿಯಿತು.

“ಕಟ್ಟು ಹೋಗೇದ ಸಾಹೇಬ್ರ. ನೂರಾ ಹದಿನೇಳು.”

“ಏನು ಕಟ್ಟು?”

“ಓಲೆಗರಿ ಕಟ್ಟು. ಎಂಬತ್ತನಾಲ್ಕು ಗರಿ. ನಮ್ಮ ಮಠದ ಸ್ವಾಮಿ ಅಜ್ಜಾರ ಗುರುಗಳ ಕಾಲದ್ದು.”

“ಕಡೇಗೆ ನೋಡಿದ್ದು ಯಾವಾಗ?”

“ಬೆಳಿಗ್ಗೆ ಹತ್ತಕ್ಕ ಇತ್ತು. ಕಡೇ ಕಾರ್ತಿಕ ಸೋಮವಾರ ನೋಡ್ರಿ, ಹತ್ತೂವರಿಯಿಂದ ಹನ್ನೆರಡರ ತನಕಾ ಎಲ್ಲಾರೂ ಪೂಜಿಯೊಳಗಿದ್ವಿ. ಪ್ರಸಾದ ಮುಗಿಸಿ ಬಂದ್ರ ಇಲ್ಲ.”

“ಬೀಗ?”

“ಹಾಕಿದ್ದು ಹಾಕಿದಂಗ ಐತ್ರಿ.”

3.05ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ, ಕಲಂ 305, ಆರೋಪಿ ಅಜ್ಞಾತ. ಹೆಡ್ ಕಾನ್‌ಸ್ಟೆಬಲ್ ಲಾಲ್‌ಮಣಿಗೆ ಈ ಕೇಸು ಹಿಡಿಸಲಿಲ್ಲ. ಕಾಶಿಯಲ್ಲಿ ಮೊಬೈಲು, ಚಪ್ಪಲಿ, ನಂಬಿಕೆ ಎಲ್ಲ ಕಳೆಯುತ್ತವೆ. ಒಣಗಿದ ಎಲೆ ಕಳೆದದ್ದಕ್ಕೆ ಎಫ್‌ಐಆರ್ ಬರೆದದ್ದು ಅವನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇದೇ ಮೊದಲು.

3.35ಕ್ಕೆ ಮಠದ ಓಲೆಗರಿ ಕೋಣೆಯಲ್ಲಿ ಪಂಚನಾಮೆ. ಎದುರು ಗಲ್ಲಿಯ ಸೀರೆ ಅಂಗಡಿಯವನೊಬ್ಬ, ಯಾತ್ರಿಕರ ಲಾಡ್ಜಿನ ಮ್ಯಾನೇಜರೊಬ್ಬ, ಇವರಿಬ್ಬರು ಪಂಚರು. ಕೋಣೆಯಲ್ಲಿ ಇನ್ನೂರ ಹನ್ನೆರಡು ಕಟ್ಟುಗಳಿರಬೇಕಿತ್ತು, ಇನ್ನೂರ ಹನ್ನೊಂದಿದ್ದವು. ಕಿಟಕಿಯ ಸರಳು ಸರಿಯಾಗಿತ್ತು. ಕಳೆದ ಕಟ್ಟು ಇದ್ದ ಕಪಾಟಿನ ಮೇಲಿನ ಅರೆಯಲ್ಲಿ ಬಣ್ಣದ ಚಿತ್ರವಿದ್ದ ಹಲಗೆಗಳ ನಡುವಿನ ಕಟ್ಟೊಂದಿತ್ತು. ವಿದೇಶಿಯರು ಅದಕ್ಕೆ ಬಾಯಿ ಬಿಡುತ್ತಾರೆಂದು ಸೋಮಲಿಂಗಯ್ಯನವರೇ ಹೇಳಿದರು. ಕಳ್ಳ ಅದನ್ನು ಮುಟ್ಟಿಯೂ ಇರಲಿಲ್ಲ. ಮಾರಲು ಕದಿಯುವವನು ಚಿತ್ರ ಬಿಟ್ಟು ಬೋಳು ಕಟ್ಟು ಒಯ್ಯುವುದಿಲ್ಲ ಎಂದು ಕೈಲಾಸ ಡೈರಿಯಲ್ಲಿ ಬರೆದುಕೊಂಡ.

ಕೋಣೆಯ ಬೀಗದ ಕೈ ಇದ್ದದ್ದು ವಚನಾಳ ಬಳಿ. ಇಪ್ಪತ್ತಾರರ ಹುಡುಗಿ, ಮಠದ ಅಡುಗೆಯ ತಾರಾದೇವಿಯ ಮಗಳು, ಕಾಶಿಯಲ್ಲೇ ಬೆಳೆದವಳು. ಮುಖ ಬಿಳಿಚಿಕೊಂಡಿತ್ತು.

“ಕೈ ಎಲ್ಲಿತ್ತು?”

“ನನ್ನ ಸೊಂಟದಲ್ಲೇ ಇತ್ತು ಸರ್. ಪೂಜಾ ಟೈಮಲ್ಲೂ.”

“ಇನ್ನೊಂದು ಕೈ ಇಲ್ವಾ?”

“ಕಂಪನಿದು ಒಂದಿತ್ತು. ವಾಪಸ್ ಆಗಿರ್ಬೇಕು, ಪಕ್ಕಾ ಗೊತ್ತಿಲ್ಲ.”

ಕಂಪನಿಯ ಕತೆ ಹೀಗೆ. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದು ಈ ಓಲೆಗರಿಗಳ ಫೋಟೊ ತೆಗೆದು, ಹಳೆಯ ಲಿಪಿಯನ್ನು ಕಂಪ್ಯೂಟರಿಗೆ ಓದಲು ಕಲಿಸುವ ಪ್ರಾಜೆಕ್ಟ್ ಹಿಡಿದಿತ್ತು. ಕೆಲಸಕ್ಕಿದ್ದವರು ಮೂವರು. ಬೆಂಗಳೂರಿನಿಂದ ನಡೆಸುತ್ತಿದ್ದ ಗ್ರೀಷ್ಮಾ, ಹಳಗನ್ನಡ ಓದಿಕೊಂಡು ಇಲ್ಲಿಗೆ ಬಂದಿದ್ದ ಪ್ರಕಾಶ, ಅವನ ಕೈಕೆಳಗೆ ಲಿಪಿ ಕಲಿತ ವಚನಾ. ಹದಿನಾಲ್ಕು ತಿಂಗಳು ನಡೆದ ಕೆಲಸ ಅಕ್ಟೋಬರ್ 9ರ ಗುರುವಾರ ನಿಂತಿತು. ಮೂವರೂ ಮನೆಗೆ.

“ಆಮೇಲೆ ನೀನು ಇಲ್ಲೇ ಉಳಿದ್ಯಾ?”

ಉತ್ತರ ಕೊಟ್ಟವರು ಸೋಮಲಿಂಗಯ್ಯ. “ಕಂಪ್ಯೂಟರ್ ಹೋದ್ರ ಹೋಗ್ಲಿ, ಕೈಯಿಂದ ಬರೀರಿ ಅಂದ್ರು ಅಜ್ಜಾರು. ಇಬ್ಬರನ್ನೂ ಕರದ್ವಿ. ಈಕಿ ಇಲ್ಲೇ ಇದ್ಲು, ಕಾಗದ ಕೈಯಾಗ ಕೊಟ್ವಿ. ಪ್ರಕಾಶಗ ಮೇಲ್ ಹಾಕಿದ್ವಿ. ತಿಂಗಳಾತು, ಹೂಂ ಇಲ್ಲ ಹಾಂ ಇಲ್ಲ. ಮಠದ ಸಂಬಳ ಕಣ್ಣಿಗೆ ಹತ್ತಿರಲಿಕ್ಕಿಲ್ಲ.”

“ನೀನು ಕೇಳಲಿಲ್ವಾ?” ಎಂದು ಕೈಲಾಸ ವಚನಾಳನ್ನೇ ಕೇಳಿದ.

“ಫೋನ್ ಎತ್ತಲ್ಲ ಸರ್. ಮೊನ್ನೆ ಸ್ಟೇಟಸ್ಸಿಗೆ ಇದೇ ಕಟ್ಟಿನ ಫೋಟೋ ಹಾಕಿದ್ದೆ, ಅದನ್ನ ಮಾತ್ರ ನೋಡಿದ್ರು. ನನಗೂ ಬುರಾ ಅನ್ನಿಸ್ತು, ಬೇಜಾರಾಗಿ ಬಿಟ್ಟೆ. ಊರಿಗೆ ಹೋದ್ರೋ ಇಲ್ಲೇ ಇದ್ದಾರೋ ಗೊತ್ತಿಲ್ಲ.”

ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ತಾರಾದೇವಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಬುಧವಾರ ಸಂಜೆಯೊಳಗೆ ಕಟ್ಟು ಸಿಗದಿದ್ದರೆ ವಚನಾ ಬೀಗದ ಕೈ ಒಪ್ಪಿಸಿ ಹೊರಗೆ ಹೋಗಬೇಕೆಂದು ಅಜ್ಜಾರು ಆಗಲೇ ಹೇಳಿಬಿಟ್ಟಿದ್ದರು. ಮಗಳ ಕೈಗೆ ಕಳ್ಳಿಯೆಂಬ ಹೆಸರು ಅಂಟಿದರೆ ತಾಯಿ ಬಡಿಸಿದ ಪ್ರಸಾದವನ್ನು ನಾಳೆ ಯಾರು ಉಂಡಾರು?

ಕೈಲಾಸ ಪ್ರಕಾಶನ ಹೆಸರಿನ ಮೇಲೆ ತೆಳ್ಳಗೆ ಗೀಟು ಎಳೆದ. ಕರೆದ ಕೆಲಸ ಬೇಡವೆಂದವನು ಅದೇ ಕೆಲಸದ ವಸ್ತು ಯಾಕೆ ಕದ್ದಾನು? ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಹೇಳಿಕೆ ಪಡೆದು ಬಾ ಎಂದು ಲಾಲ್‌ಮಣಿಯನ್ನು ಕಳಿಸಿದ.

ಪ್ರಕಾಶ ಊರಿಗೆ ಹೋಗಿರಲಿಲ್ಲ. ಬಂಗಾಲಿ ಟೋಲಾದ ಹಳೆಯ ಲಾಡ್ಜಿನಲ್ಲಿ, ಪ್ರಾಜೆಕ್ಟಿನ ದಿನಗಳಿಂದ ಇದ್ದ ಅದೇ ಎರಡನೇ ಮಹಡಿಯ ಕೋಣೆಯಲ್ಲಿದ್ದ. ಮಠಕ್ಕೆ ಅಲ್ಲಿಂದ ನಾಲ್ಕು ಗಲ್ಲಿ. ಲಾಲ್‌ಮಣಿ ಸಂಜೆ 6.20ಕ್ಕೆ ಹೇಳಿಕೆ ಬರೆದುಕೊಂಡ: ಬೆಳಿಗ್ಗೆ ಕೇದಾರ ಘಾಟಿನಲ್ಲಿದ್ದೆ, ಹನ್ನೆರಡಕ್ಕೆ ಬಂದೆ, ಕಟ್ಟಿನ ವಿಷಯ ಗೊತ್ತಿಲ್ಲ.

“ಹೇಗಿದ್ದಾನೆ?” ಎಂದು ಕೈಲಾಸ ಹಿಂದಿಯಲ್ಲಿ ಕೇಳಿದ.

“ಗಡ್ಡ ಬಿಟ್ಟಿದ್ದಾನೆ ಸಾಹೇಬ್. ನಾನು ಕೂತ ಕೂಡಲೇ, ನಾನೇನೂ ಒಯ್ದಿಲ್ಲ ಅಂದ. ಏನು ಹೋಗಿದೆ ಅಂತ ನಾನಿನ್ನೂ ಹೇಳಿರಲೇ ಇಲ್ಲ.”

“ಠಾಣೆಯವರನ್ನು ಕಂಡರೆ ಎಲ್ಲರೂ ಹಾಗೇ.”

“ಒಂದು ಮಾತು ಮಾತ್ರ ನಿಜ. ಆ ಗಲ್ಲಿಯಲ್ಲಿ ಸೊಳ್ಳೆ ನನ್ನನ್ನು ಎತ್ತಿಕೊಂಡು ಹೋಗುತ್ತಿತ್ತು. ಅವನ ಕೋಣೆಯಲ್ಲಿ ಒಂದೂ ಇಲ್ಲ. ಏನೋ ನಿಂಬೆಯಂಥ ಸುವಾಸನೆ. ಬ್ರಾಂಡು ಕೇಳಬೇಕಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರೆ. ಇಲ್ಲಿ ಹೆಗಲು ಮುಟ್ಟಿಕೊಂಡದ್ದು ಕಣ್ಣಿಗೆ ಬಿದ್ದರೂ ಕೈಲಾಸ ತನ್ನ ಲೆಕ್ಕವನ್ನೇ ನಂಬಿ ಮನೆಗೆ ಹೋದ.

ನವೆಂಬರ್ 18, ಮಂಗಳವಾರ. ಬೆಳಿಗ್ಗೆ 9.30ಕ್ಕೆ ಬೆಂಗಳೂರಿನ ಗ್ರೀಷ್ಮಾಗೆ ಫೋನು.

“ಪ್ರಾಜೆಕ್ಟ್ ಹೇಗೆ ನಿಂತಿತು?”

“ಆರು ನಿಮಿಷದ ವಿಡಿಯೋ ಕಾಲ್ ಸರ್. ಯಾರೋ ಹೊಸಬರು ಸ್ಕ್ರೀನ್ ನೋಡಿ ಓದಿದ್ರು. ನಾನು ಒಂದು ಪ್ರಶ್ನೆ ಕೇಳೋಷ್ಟರಲ್ಲಿ ಕಾಲ್ ಕಟ್ಟಾಯ್ತು, ಮೇಲ್ ಐಡಿನೂ ಬಂದ್ ಆಯ್ತು. ನನ್ನದೂ ಸೇರಿ.”

“ಮಠದ ಕೋಣೆಯ ಬೀಗದ ಕೈ?”

“ಲ್ಯಾಪ್‌ಟಾಪು, ಐಡಿ ಕಾರ್ಡು ಎಲ್ಲಾ ಕೊರಿಯರ್‌ನವರು ಬಂದು ತಗೊಂಡ್ರು. ಕೈ ಯಾರಿಗೂ ನೆನಪಾಗಿಲ್ಲ ಅನ್ಸುತ್ತೆ. ಅದು ಪ್ರಕಾಶ್ ಹತ್ರ ಇರ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಬಂದು ಬಾಗಿಲು ತೆಗೀತಿದ್ದಿದ್ದು ಅವ್ನೇ.”

10.45ಕ್ಕೆ ಕೈಲಾಸ, ಲಾಲ್‌ಮಣಿ ಮತ್ತೆ ಮಠದಲ್ಲಿದ್ದರು. ವಚನಾ ನೆಲದ ಮೇಲೆ ಕೂತು, ಅತ್ತು ಕೆಂಪಾದ ಕಣ್ಣಲ್ಲೇ, ಒಂದೊಂದು ಗರಿಗೂ ಹತ್ತಿಯಲ್ಲಿ ಎಣ್ಣೆ ಸವರುತ್ತಿದ್ದಳು. ಲಾಲ್‌ಮಣಿ ಹೊಸ್ತಿಲಲ್ಲೇ ನಿಂತು ಮೂಗರಳಿಸಿದ.

“ಅರೇ ಸಾಹೇಬ್! ಈ ಗಂಧ ತ ಉಹೇ ಹ!” ಅದೇ ವಾಸನೆ, ನಿನ್ನೆ ಆ ಲಾಡ್ಜಿನ ಕೋಣೆಯದ್ದು.

“ಇದೇನು ಎಣ್ಣೆ?” ಎಂದು ಕೈಲಾಸ ಕೇಳಿದ.

“ಮಜ್ಜಿಗೆಹುಲ್ಲಿನ ಎಣ್ಣೆ ಸರ್. ಹಚ್ಚದಿದ್ರೆ ಗರಿಗೆ ಕೀಡಾ ಬೀಳುತ್ತೆ. ಹದಿನೈದು ದಿನಕ್ಕೊಂದ್ಸಲ ಹಚ್ಚಲೇಬೇಕು. ಪ್ರಕಾಶ್ ಸರ್ ಕಲ್ಸಿದ್ದು.”

“ನೂರಾ ಹದಿನೇಳಕ್ಕೆ ಯಾವತ್ತು ಹಚ್ಚಬೇಕಿತ್ತು?”

ವಚನಾ ಗೋಡೆಯ ಪಟ್ಟಿ ನೋಡಿದಳು. “ನಿನ್ನೆ. ಅದು ಪ್ರಕಾಶ್ ಸರ್ ಓದ್ತಿದ್ದ ಕಟ್ಟು.”

ಕೈಲಾಸನಿಗೆ ನಗು ಬರಲಿಲ್ಲ. ಕದ್ದವನು ಕದ್ದ ದಿನವೇ ಅದಕ್ಕೆ ಎಣ್ಣೆ ಹಚ್ಚಿದ್ದ. ಪಟ್ಟಿ ತಪ್ಪಬಾರದಲ್ಲ! ಇನ್ನೂರ ಹನ್ನೆರಡರಲ್ಲಿ ಒಂದನ್ನೇ ಯಾಕೆ ಆರಿಸಿದನೆಂದು ಈಗ ತಿಳಿಯಿತು. ಹೊಟ್ಟೆಕಿಚ್ಚಿಗೆ ಬೆಲೆಬಾಳುವ ವಸ್ತು ಬೇಡ. ಬೇರೆಯವರ ಕೈಗೆ ಹೋದ ಒಂದು ವಸ್ತು ಇದ್ದರೆ ಸಾಕು. ಐವತ್ತನಾಲ್ಕನೆಯ ಅಭಿನಂದನೆ ಬಾಕಿ ಇಟ್ಟುಕೊಂಡವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

12.20ಕ್ಕೆ ಲಾಡ್ಜಿನ ಕೋಣೆಯ ಶೋಧ. ಪಂಚರು ಹಾಜರಿದ್ದರು, ಲಾಲ್‌ಮಣಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಹುಡುಕುವ ಕಷ್ಟವೇ ಇರಲಿಲ್ಲ. ನಿನ್ನೆ ಲಾಲ್‌ಮಣಿ ಬಂದಾಗ ಖಾಲಿಯಿದ್ದ, ಕೋಣೆಯ ಒಂದೇ ಒಂದು ಮೇಜಿನ ಮೇಲೆ, ಹೊಸ ಮಲಮಲ್ ಬಟ್ಟೆಯಲ್ಲಿ ಸುತ್ತಿ, ನೂರಾ ಹದಿನೇಳನೆಯ ಕಟ್ಟು ಕೂತಿತ್ತು. ಪಕ್ಕದಲ್ಲಿ ಎಣ್ಣೆ ಸೀಸೆ, ಹತ್ತಿ, ಹಿತ್ತಾಳೆಯ ಬೀಗದ ಕೈ. ಪ್ರಕಾಶ ಮಂಚದ ಮೇಲೆ ಕೂತೇ ಇದ್ದ. ಬಟ್ಟೆಯನ್ನು ಲಾಲ್‌ಮಣಿ ಎಳೆದಾಗ ಮಾತ್ರ ಎದ್ದ. “ನಿಧಾನ. ಅಂಚು ಮುರಿಯುತ್ತೆ.”

“ಯಾಕೆ ತಗೊಂಡೆ?”

“ನನ್ನದು ಸರ್ ಅದು. ಅರವತ್ತು ಗರಿ ಓದಿದ್ದೆ.”

“ಮಠದ್ದು.”

“ಮೂವರೂ ಒಟ್ಟಿಗೆ ಬಿದ್ವಿ. ಅದನ್ನ ಸಹಿಸ್ಕೊಂಡಿದ್ದೆ, ದೇವರಾಣೆ. ಆಮೇಲೆ ಅವಳೊಬ್ಬಳನ್ನ ಎತ್ಕೊಂಡ್ರು. ಅವಳಿಗೆ ಹಳೇ ಲಿಪಿಯ ಗಂಧಗಾಳಿ ಗೊತ್ತಿರಲಿಲ್ಲ ಸರ್, ಒಂದೊಂದು ಅಕ್ಷರ ನಾನು ತೋರಿಸಿದ್ದು. ನನ್ನ ಕಟ್ಟು ಅವಳ ಮೇಜಿನ ಮೇಲೆ! ಅದಕ್ಕೊಂದು ಫೋಟೋ ಬೇರೆ! ನೋಡಿದ ರಾತ್ರಿ ನಂಗೆ ಅನ್ನ ಇಳೀಲಿಲ್ಲ.”

“ಅವಳ ಮೇಲೆ ಕಳ್ಳತನ ಬರುತ್ತೆ ಅಂತ ಗೊತ್ತಿತ್ತಾ?”

ಪ್ರಕಾಶ ನೆಲ ನೋಡಿದ. “ಬರಲಿ ಅಂತಾನೇ.”

ಕೈಲಾಸನಿಗೆ ಸಿಟ್ಟು ಬಂತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬುದನ್ನು ಈ ಓದಿದವನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದ! “ನಿನ್ನನ್ನೂ ಕರೆದಿದ್ರಲ್ಲ ಮಠದವರು? ಬೇಡ ಅಂದೋನು ನೀನು.”

“ಯಾರು ಕರೆದ್ರು?”

“ಮೇಲ್ ಹಾಕಿದ್ರಲ್ಲ.”

“ನಂಗೆ ಯಾವ ಮೇಲೂ ಬಂದಿಲ್ಲ.”

ಕೈಲಾಸ ಅಲ್ಲಿಂದಲೇ ಸೋಮಲಿಂಗಯ್ಯನವರಿಗೆ ಫೋನ್ ಮಾಡಿ, ಪ್ರಕಾಶನ ಮೇಲ್ ಯಾವ ವಿಳಾಸಕ್ಕೆ ಹೋಯಿತೆಂದು ಕೇಳಿದ. ಅವರು ಕಚೇರಿಯ ಗೋಡೆಗೆ ಅಂಟಿಸಿದ್ದ ವಿಸಿಟಿಂಗ್ ಕಾರ್ಡ್ ನೋಡಿ ಓದಿದರು. ಕಂಪನಿಯ ಐಡಿ. ಅಕ್ಟೋಬರ್ 9ರಂದೇ ಮುಚ್ಚಿದ್ದು.

“ತಲುಪಲಿಲ್ಲ ಅಂತ ಏನಾದ್ರೂ ವಾಪಸ್ ಬಂದಿದೆಯಾ ನೋಡಿ.”

ಸೋಮಲಿಂಗಯ್ಯ ಕಂಪ್ಯೂಟರ್ ತಡಕಾಡುವ ಸದ್ದು ಕೇಳಿತು. “ಬಂದೈತ್ರಿ… ಅವತ್ತ ಬಂದೈತಿ. ಇಂಗ್ಲಿಷಿನ್ಯಾಗ ಐತಿ, ಜಾಹೀರಾತು ಅಂತ ಬಿಟ್ಟಿದ್ದೆ.” ಆಮೇಲೆ, ಬಹಳ ಸಣ್ಣ ದನಿಯಲ್ಲಿ, “ತಪ್ಪು ನಂದ ಆತು.”

“ಮೇಲ್‌ನಲ್ಲಿ ಏನು ಬರೆದಿದ್ರಿ? ಓದಿ.”

ಕೈಲಾಸ ಸ್ಪೀಕರ್ ಒತ್ತಿದ. ಸೋಮಲಿಂಗಯ್ಯ ತಡೆತಡೆದು ಓದಿದರು. “ಶ್ರೀ ಪ್ರಕಾಶ ಅವರಿಗೆ. ಕೆಲಸವನ್ನು ಮಠದಿಂದ ಮುಂದುವರಿಸಲು ತಾವು ಒಪ್ಪಬೇಕು. ನೂರಾ ಹದಿನೇಳನೆಯ ಕಟ್ಟನ್ನು ತಾವೇ ಮುಗಿಸಬೇಕೆಂಬುದು ಅಜ್ಜಾರ ಅಪ್ಪಣೆ. ತಾವು ಬರುವ ತನಕ ಅದನ್ನು ಯಾರೂ ಓದುವುದಿಲ್ಲ.”

ಪ್ರಕಾಶ ಮಂಚದ ಮೇಲೆ ಕೂತ. ಅಳಲಿಲ್ಲ. ಎಣ್ಣೆಯಾದ ಕೈಯನ್ನು ಪ್ಯಾಂಟಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ. ಮಧ್ಯಾಹ್ನ 1.10ಕ್ಕೆ ಬಂಧನ ಎಂದು ಲಾಲ್‌ಮಣಿ ಬರೆದುಕೊಂಡ.

ವಸ್ತು ಗುರುತಿಸಲು 3.30ಕ್ಕೆ ವಚನಾ ಠಾಣೆಗೆ ಬಂದಳು. ಪ್ರಕಾಶ ಎದುರಿನ ಬೆಂಚಿನ ಮೇಲಿದ್ದ. ಅವಳು ಅವನನ್ನು ನೋಡದೆ ಕಟ್ಟು ಬಿಚ್ಚಿ ಎಂಬತ್ತನಾಲ್ಕು ಗರಿ ಎಣಿಸಿದಳು. ಅರವತ್ತೊಂದನೆಯದರ ಮೇಲೆ ಕೆಂಪು ದಾರವಿತ್ತು.

“ಈ ದಾರ ಯಾರದು?” ಎಂದ ಕೈಲಾಸ.

“ಅವ್ರದು. ಅಕ್ಟೋಬರ್ ಒಂಬತ್ತಕ್ಕೆ ಎಲ್ಲಿ ಬಿಟ್ರೋ ಅಲ್ಲೇ ಇದೆ. ನಾನು ಎಣ್ಣೆ ಮಾತ್ರ ಹಚ್ತಿದ್ದೆ. ಫೋಟೋ ಹಾಕಿದ್ದೂ ಅದಕ್ಕೇ ಸರ್, ನೋಡಿ ಬರ್ತಾರೆ ಅಂತ.”

ಕೈಲಾಸ ಪ್ರಕಾಶನತ್ತ ತಿರುಗಿದ. “ನೀನೂ ಮುಂದೆ ಓದಲಿಲ್ವಾ?”

“ಎರಡು ಸಲ ತೆಗೆದೆ. ಕದ್ದು ಓದೋಕಾಗಲಿಲ್ಲ.”

ವಚನಾ ಸಹಿ ಮಾಡಿ ಎದ್ದಳು. ಕಟ್ಟು ನ್ಯಾಯಾಲಯದ ಅಪ್ಪಣೆಯಾಗುವ ತನಕ ಜಪ್ತಿಯಾದ ವಸ್ತು ಇಡುವ ಮಾಲ್‌ಖಾನೆಯಲ್ಲಿರಬೇಕು, ಅಲ್ಲಿ ಎಣ್ಣೆ ಹಚ್ಚುವವರು ಯಾರೂ ಇಲ್ಲ ಎಂದು ಕೇಳಿ ಅವಳ ಕಣ್ಣು ತುಂಬಿತು. ಡಿಸೆಂಬರ್ ಒಂದನೇ ತಾರೀಖು ತಾನೇ ಬಂದು ಹಚ್ಚಲು ಅನುಮತಿ ಕೇಳಿ ಅರ್ಜಿ ಬರೆದುಕೊಟ್ಟಳು.

ಅವಳು ಹೋದ ಮೇಲೆ ಕೈಲಾಸ ಕೇಸ್ ಡೈರಿ ತೆರೆದು, ಅಪರಾಧದ ಕಾರಣವೆಂಬಲ್ಲಿ “ಸಹೋದ್ಯೋಗಿಯ ಮೇಲಿನ ಮತ್ಸರ” ಎಂದು ಬರೆದ. ಆಮೇಲೆ ಮೊಬೈಲ್ ತೆಗೆದು ಗುಂಪಿಗೆ ಅಭಿನಂದನೆ ಟೈಪ್ ಮಾಡಿದ. ಕಳಿಸಲಿಲ್ಲ.

“ಸರ್,” ಎಂದ ಪ್ರಕಾಶ ಬೆಂಚಿನಿಂದ.

“ಏನು?”

“ಅರವತ್ತೊಂದರಿಂದ ಇನ್ನು ಅವಳೇ ಓದ್ತಾಳಾ?”