ಹಸಿರಾಗಿಯೇ ಉಳಿದ ಸಾಲು

ಇದನ್ನು ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನಾಸಿಕ್ ರೋಡಿನಲ್ಲಿ ನಾವು ಕೋಲ್ಡ್ ಸ್ಟೋರೇಜುಗಳ ಬಾಗಿಲು ನಡೆಸುವ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಬದಲಾದಾಗಲೆಲ್ಲ ಅದನ್ನು ಜೋಡಿಸುವ ಬಿಲ್ಡ್ ವ್ಯವಸ್ಥೆ ತಾನಾಗಿಯೇ ಟೆಸ್ಟುಗಳನ್ನು ಓಡಿಸುತ್ತದೆ. ಟೆಸ್ಟಿನಲ್ಲಿ ಓಡಿದ ಕೋಡಿನ ಸಾಲು ಕವರೇಜ್ ವರದಿಯಲ್ಲಿ ಹಸಿರು, ಓಡದ್ದು ಕೆಂಪು.

ಒಳಗೆ ಮನುಷ್ಯನಿದ್ದರೆ ಬಾಗಿಲು ತೆರೆಯುವ ಸಾಲಿಗೆ ಟೆಸ್ಟ್ ಬರೆದವನು ನನ್ನ ಗೆಳೆಯ ಉತ್ಕರ್ಷ. "ಹಸಿರು ಬಂತಲ್ಲ, ಇನ್ನೇನ್ ಬೇಕ ನಿನಗ?" ಎನ್ನುತ್ತಿದ್ದ. ಮೂರ್ಖಳಂತೆ ನಂಬಿದೆ. ಅವನ ಟೆಸ್ಟ್ ಆ ಸಾಲನ್ನು ಓಡಿಸುತ್ತಿತ್ತು, ಬಾಗಿಲು ತೆರೆಯಿತೇ ಎಂದು ಮಾತ್ರ ನೋಡುತ್ತಿರಲಿಲ್ಲ. ಅದು ನನಗೆ ತಿಳಿದದ್ದು ನಿಫಾಡ್‌ನ ಕೋಲ್ಡ್ ಸ್ಟೋರೇಜಿನಲ್ಲಿ ದ್ರಾಕ್ಷಿ ಹೊರುವ ಮಧುಕರ ಒಳಗೇ ಸಿಕ್ಕಿಕೊಂಡು ಸತ್ತ ಮೇಲೆ. ಉತ್ಕರ್ಷ ರಾಜೀನಾಮೆ ಕೊಟ್ಟು ಸಂಭಾಜಿನಗರಕ್ಕೆ ಹೋದ. ಪಶ್ಚಾತ್ತಾಪವಿರಬೇಕು ಎಂದುಕೊಂಡೆ. ಅವನ ಕೆಲಸ ನನಗೆ ಬಂತು.

ಮೇ ತಿಂಗಳ ಒಂದು ಮಧ್ಯಾಹ್ನ, ಸರಿಯಾಗಿ ಬರೆಯೋಣವೆಂದು ಅವನ ಟೆಸ್ಟ್ ಅಳಿಸಿ ಬಿಲ್ಡ್ ಓಡಿಸಿದೆ. ಎಸಿ ಕೆಟ್ಟಿತ್ತು, ಆದರೂ ಪಾದ ಮರಗಟ್ಟುವಷ್ಟು ತಣ್ಣಗಾಯಿತು. ದ್ರಾಕ್ಷಿಯ ವಾಸನೆ ಬಂತು. ಎಲ್ಲೋ ಹತ್ತಿರದಲ್ಲೇ ಯಾರೋ ತಗಡಿನ ಮೇಲೆ ಅಂಗೈ ಬಡಿಯುತ್ತಿದ್ದರು. ವರದಿ ತೆರೆದೆ. ಸುತ್ತಲಿನದೆಲ್ಲ ಕೆಂಪು, ಬಾಗಿಲು ತೆರೆಯುವ ಆ ಒಂದು ಸಾಲು ಇನ್ನೂ ಹಸಿರು.

ಉತ್ಕರ್ಷನಿಗೆ ಫೋನ್ ಮಾಡಿದೆ.

"ಬಡಿಯೋದು ಕೇಳಸ್ತೇನು?" ಎಂದು ಅವನೇ ಕೇಳಿದ. "ನಾನೂ ಅಳಸಿ ನೋಡಿದ್ದೆ. ಹೋಗಂಗಿಲ್ಲ ಅದು. ಅದಕ್ಕ ಬಿಟ್ಟು ಬಂದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಕುರ್ಚ್ಯಾಗ ನೀ ಕೂಡತಿದ್ದೇನು?"

ಫೋನ್ ಇಟ್ಟೆ. ಆ ಸಾಲನ್ನು ಈಗ ಯಾವ ಟೆಸ್ಟೂ ಓಡಿಸುವುದಿಲ್ಲ. ಇವತ್ತಿನ ಬಿಲ್ಡಿನಲ್ಲೂ ಅದು ಹಸಿರು.