ಸಹಿ ಆಗಿಲ್ಲ ಅಂದ ಸಿಸ್ಟರ್

"ಕೂಸಿನ್ನ ಯಾವಾಗ ಕೊಡ್ತೀರಿ?"

ನವಜಾತ ಶಿಶುಗಳ ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗೇಶನ ಕಣ್ಣು ಕೆಂಪಾಗಿದ್ದವು. ತಂಗಿ ಅಮೃತಾಳ ಚೊಚ್ಚಲ ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಆಗಷ್ಟೇ ತೀರಿಕೊಂಡಿತ್ತು.

"ಡಾಕ್ಟರ್ ಸಹಿ ಆಗ್ಬೇಕ್ರಿ. ಸ್ವಲ್ಪ ಕುಂದರ್ರಿ," ಎಂದಳು ನರ್ಸ್ ಸುರೇಖಾ. ಅವನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಡಾಕ್ಟರೇ ಎದುರು ಬಂದರು. "ಸಹಿನಾ? ಆಗ್ಲೇ ಮಾಡೀನಲ್ಲಪಾ."

ಸುರೇಖಾ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು.

'ಎಲಾ ಇಕಿನ... ಸುಳ್ಳು ಯಾಕ ಹೇಳಿದ್ಲು? ತಪ್ಪು ಇಂಜೆಕ್ಷನ್ ಏನರ...'

ಅನುಮಾನ ಒಮ್ಮೆ ತಲೆ ಹೊಕ್ಕರೆ ಸುಮ್ಮನೆ ಕೂರುತ್ತದೆಯೇ? ಕೊನೆಗೆ ಕೈಗೆ ಬಂದ ಕೂಸಿನ ಮೈಯಲ್ಲಿ ಸೋಪಿನ ವಾಸನೆ. ಗಲ್ಲಕ್ಕೆ ಕಾಡಿಗೆಯ ಬೊಟ್ಟು. ಏನನ್ನು ತೊಳೆದರು ಇವರು?

ಮಣ್ಣು ಮಾಡಿದ ಮರುದಿನವೇ ತಮ್ಮೂರು ಸಿದ್ದಾಪುರದಿಂದ ಗಂಗಾವತಿಯ ಆಸ್ಪತ್ರೆಗೆ ವಾಪಸ್ ಬಂದ.

"ಖರೇ ಹೇಳ್ರಿ. ಇಲ್ಲಾಂದ್ರ ಕಂಪ್ಲೇಂಟ್ ಕೊಡ್ತೀನಿ. ನಿಮ್ಮ ನೌಕರಿ ಹೋಕ್ಕೈತಿ."

ಸುರೇಖಾ ಕೈಯಲ್ಲಿದ್ದ ಫೈಲು ಕೆಳಗಿಟ್ಟಳು. ಅವಳದು ಮಂಗಳೂರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಅಪ್ಪನ ಮಾತು ಮೀರಿ ಹಿಡಿದ ನೌಕರಿ ಅದು.

'ಹೇಳಿಬಿಡ್ಲೇನು? ಹೇಳಿದ್ರ ಆ ಹುಡುಗಿ ಗತಿ...'

"ಕೊಡ್ರಿ," ಎಂದಳು. "ನನ್ನಿಂದ ಕೂಸಿಗೆ ಏನೂ ಆಗಿಲ್ರಿ. ಇದಕ್ಕಿಂತ ಹೆಚ್ಚು ಕೇಳಬ್ಯಾಡ್ರಿ."

ಅವನಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೂ ಅವಳ ತುಟಿ ನಡುಗಿದ್ದು ಕಂಡಿತೆನ್ನಿ!

ನೇರವಾಗಿ ತಂಗಿ ಇನ್ನೂ ಇದ್ದ ಹೆರಿಗೆ ವಾರ್ಡಿಗೆ ಹೋದ. ತಾಯಿ ಕಳಕಮ್ಮ ಚಹಾ ತರಲು ಹೋಗಿದ್ದಳು. ಕಂಪ್ಲೇಂಟ್ ಅಂದ ಕೂಡಲೇ ಅಮೃತಾ ಅವನ ಕೈ ಹಿಡಿದುಕೊಂಡಳು.

"ಬ್ಯಾಡಣ್ಣ. ತೀರಿದ ಕೂಸಿನ ಮಾರಿ ತಾಯಿ ನೋಡಬಾರ್ದು, ಮುಂದ ಮಕ್ಕಳಾಗಂಗಿಲ್ಲ ಅಂತ ಅವ್ವ ಪಟ್ಟು ಹಿಡಿದಿದ್ಲಲ್ಲ? ನಾ ಸಿಸ್ಟರ್ ಕೈ ಮುಗದೆ. ನಿಮ್ಮನ್ನ ಮುಂದಿನ ಬಾಗಿಲಾಗ ಕುಂದರ್ಸಿ, ನನ್ನ ಹಿಂದಿನ ಬಾಗಿಲಿಂದ ಒಳಗ ಕರ್ಕೊಂಡ್ಲು. ನನ್ನ ಕೈಲೇ ಜಳಕಾ ಮಾಡ್ಸಿದ್ಲು, ಕಾಡಿಗಿ ಹಚ್ಚಿಸಿದ್ಲು. ನನ್ನ ಮಗನ್ನ ನಾ ಒಮ್ಮೆ ಎತ್ಕೊಂಡೆ ಅಣ್ಣ... ಅವ್ವಗ ಹೇಳಬ್ಯಾಡ."

ಸಿದ್ದಲಿಂಗೇಶನಿಗೆ ನಾಚಿಕೆಯಾಯಿತು. ಅಂದೇ ಹೋಗಿ ಸುರೇಖಾಳ ಕ್ಷಮೆ ಕೇಳಿದ.

ಆಮೇಲೆ ತಂಗಿಯ ತಪಾಸಣೆಗೆಂದು ಬಂದ. ತಂಗಿ ಇಲ್ಲದೆಯೂ ಬಂದ! ಈಗ ಅನುಮಾನ ಪಡುವ ಪಾಳಿ ಸುರೇಖಾಳದು. 'ಉಪಕಾರ ತೀರಿಸಾಕ ಬರ್ತಾನೇನು? ಇಲ್ಲಾ, ಕನಿಕರ ಏನು?'

ಒಂದು ಮಧ್ಯಾಹ್ನ ಅವಳು ವಾರ್ಡಿನ ಹಿಂದೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಅಳು ಯಾರಿಗೂ ಕೇಳದಿರಲೆಂದು ಅವಳು ಯಾವಾಗಲೂ ಹಾಗೆಯೇ ಮಾಡುತ್ತಿದ್ದಳು. ಅವನಿಗೆ ಕೇಳಿಸಿತು.

"ಯಾಕ ಬರ್ತೀರಿ ನೀವು? ಋಣ ತೀರಿಸಾಕೇನ್ರಿ?"

"ಅಲ್ರಿ. ನಿಮ್ಮನ್ನ ನೋಡ್ದಿದ್ರ ಸಮಾಧಾನ ಇಲ್ಲ ನನಗ. ನಿಮ್ಮ ಮನಿಗೆ ಬಂದು ಹಿರ್ಯಾರನ್ನ ಕೇಳ್ಲೇನು?"

"ನಾ ಹಿಂಗ ಅಳ್ತಿರ್ತೀನ್ರಿ. ಮನಿಯಾಗೂ ಅಳ್ತೀನಿ. ಕೆಲವು ದಿನ ತುತ್ತು ಇಳಿಯಂಗಿಲ್ಲ."

"ಅಳ್ರಿ. ಏನಾತು ಅಂತ ಕೇಳಂಗಿಲ್ಲ. ಬಾಜೂಕ ಕುಂದರ್ತೀನಿ."

ಅವಳು ನಲ್ಲಿ ನಿಲ್ಲಿಸಿದಳು.

"ಇಲ್ರಿ... ಕೇಳ್ರಿ. ನನ್ನ ಯಾರೂ ಕೇಳಂಗಿಲ್ಲ."

ಅವನು ಅಲ್ಲೇ ಕಟ್ಟೆಯ ಮೇಲೆ ಕೂತ. ಅವಳಿಗೂ ಜಾಗ ಮಾಡಿದ.

"ಏನಾತ್ರಿ, ಸುರೇಖಾ?"

"ಇವತ್ತ ವಾರ್ಡಿನ್ಯಾಗ ತೀರಿಕೊಂಡಿದ್ದು ಹೆಣ್ಣು ಕೂಸ್ರಿ," ಎಂದಳು ಅವನ ಪಕ್ಕ ಕೂರುತ್ತ. "ತಲಿ ತುಂಬ ಕೂದ್ಲಿದ್ವು..."