ಬಲಗಡೆಯ ಪ್ಯಾರಾಚೂಟ್

ರೇಸಿನ ಕಾರುಗಳ ವಿಷಯ ಬರೆಯುವ ಯೋಗ್ಯತೆ ಈ ಕೈಗೆ ಇದೆಯೋ ಇಲ್ಲವೋ. ಪ್ರೇಮದ ವಿಷಯದಲ್ಲಂತೂ ಅನುಮಾನ ಇನ್ನೂ ಹೆಚ್ಚು. ಆದರೂ ಇದನ್ನು ಕೇಳಿದ ಮೇಲೆ ಹೇಳದೆ ಇರಲಾಗಲಿಲ್ಲ. ತಪ್ಪು ಕಂಡರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವಳು ಮೊದಲು ಬಟ್ಟೆ ಹೊಲಿಯುತ್ತಿದ್ದವಳು. ಈಗ ಡ್ರ್ಯಾಗ್ ರೇಸಿನ ಒಂದು ತಂಡದಲ್ಲಿ ಪ್ಯಾರಾಚೂಟ್ ಮಡಚುವ ಕೆಲಸ. ಉಸಿರು ಬಿಡುವಷ್ಟರಲ್ಲಿ ನೇರ ಟ್ರ್ಯಾಕನ್ನು ಮುಗಿಸಿಬಿಡುವ ಆ ಉದ್ದನೆಯ ಕಾರಿಗೆ ಬರೀ ಬ್ರೇಕು ಸಾಲದು. ಹಿಂದೆ ಎಡಕ್ಕೊಂದು ಬಲಕ್ಕೊಂದು ಪ್ಯಾರಾಚೂಟ್ ಬಿಚ್ಚಿಕೊಂಡು ಗಾಳಿ ಹಿಡಿದರೇ ಅದು ನಿಲ್ಲುವುದು. ಅದಕ್ಕೇ ತಂಡದವರು ಅವಳನ್ನು ಛತ್ರಿ ಎಂದು ಕರೆಯುತ್ತಿದ್ದರು. ಅವಳು ಬಾಯಿಮಾತಿಗೆ ಸಿಟ್ಟಾಗಿ, ಒಳಗೊಳಗೇ ಖುಷಿಪಡುತ್ತಿದ್ದಳು.

ಡ್ರೈವರನ ಅಡ್ಡಹೆಸರು ಆಮೆ. ಮನೆಮಂದಿಯೆಲ್ಲ ಊಟ ಮುಗಿಸಿ ಕೈ ತೊಳೆದು ಬಂದರೂ ಇವನ ತಟ್ಟೆ ಅರ್ಧವೂ ಖಾಲಿಯಾಗಿರುತ್ತಿರಲಿಲ್ಲವೆಂದು ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು. ತಂಡದ ಒಡತಿಯೂ ಆ ಅಕ್ಕನೇ.

"ಟ್ರ್ಯಾಕಲ್ಲಿ ಎಲ್ಲರಿಗಿಂತ ಮುಂದೆ ಹೋಗ್ತೀಯ. ನನಗೊಂದು ಮಾತು ಹೇಳೋಕೆ ಮಾತ್ರ ವರ್ಷಗಟ್ಟಲೆ ಬೇಕಾ?" ಎಂದು ಛತ್ರಿ ಒಮ್ಮೆ ಕೆಣಕಿದ್ದಳು. ಅವನು ಕಿವಿ ಕೆಂಪಾಗಿಸಿಕೊಂಡು ಸ್ಪ್ಯಾನರ್ ಹುಡುಕಲು ಹೊರಟಿದ್ದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಅವರ ಪ್ರೇಮವೆಲ್ಲ ಸ್ಟಾರ್ಟಿಂಗ್ ಲೈನಿನಲ್ಲಿ. ಚಕ್ರಗಳನ್ನು ಗಿರಗಿರನೆ ತಿರುಗಿಸಿ, ಹೊಗೆಯೆಬ್ಬಿಸಿ ಬಿಸಿ ಮಾಡಿಕೊಂಡ ಮೇಲೆ ಕಾರು ತಾನು ಬಿಟ್ಟುಹೋದ ರಬ್ಬರಿನ ಗುರುತಿನ ಮೇಲೆಯೇ ಹಿಂದಕ್ಕೆ ಬರಬೇಕು. ಡ್ರೈವರನಿಗೆ ಹಿಂದೆ ಏನೂ ಕಾಣದು. ಛತ್ರಿ ಎದುರಿಗೆ ನಡೆಯುತ್ತಾ ಎರಡು ಬೆರಳಲ್ಲಿ ದಾರಿ ತೋರಿಸುತ್ತಿದ್ದಳು. ಹೆಲ್ಮೆಟ್ಟಿನೊಳಗೆ ಅವನ ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣು ಬೆರಳು ಬಿಟ್ಟು ಅವಳ ಮುಖಕ್ಕೆ ಏರಿದರೆ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಕಣ್ಣು ನಗುತ್ತಾ ಮತ್ತೆ ಬೆರಳಿಗೆ ಇಳಿಯುತ್ತಿತ್ತು.

ಹಿಂದಿನ ರೇಸಿನಲ್ಲಿ ಎಂಜಿನ್ನಿನ ಬೆಂಕಿಗೆ ಬಲಗಡೆಯ ಪ್ಯಾರಾಚೂಟ್ ಸುಟ್ಟುಹೋಯಿತು. ಕ್ಲಚ್ ಪ್ಲೇಟುಗಳೂ ಸವೆದಿದ್ದವು, ಅವನ್ನು ಬದಲಿಸದೆ ಗೆಲ್ಲುವ ವೇಗ ಬರದು. ಎರಡನ್ನೂ ಕೊಳ್ಳುವ ಶಕ್ತಿ ಇರಲಿಲ್ಲ. ಈ ಸಲ ಗೆಲ್ಲದಿದ್ದರೆ ಸ್ಪಾನ್ಸರ್ ಕೈಬಿಡುವುದಂತೂ ಖಂಡಿತ. ಅಕ್ಕ ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ, ಸೋತರೆ ಸೋಲೋಣ, ತಮ್ಮ ಇದ್ದರೆ ತಾನೇ ಮುಂದಿನ ರೇಸು ಎಂದು ಪ್ಯಾರಾಚೂಟಿನ ದುಡ್ಡನ್ನು ಅವನ ಕೈಗಿಟ್ಟಳು.

ಅವನು ಹೊಸದನ್ನು ತಂದು ತಾನೇ ಕಾರಿಗೆ ಕಟ್ಟಿದ. ಕಂಪನಿಯವರೇ ಮಡಚಿ ಚೀಲದಲ್ಲಿ ತುಂಬಿದ್ದಾರೆ, ಬಿಚ್ಚಬಾರದಂತೆ ಎಂದ. ತನ್ನ ಕೈಗಿಂತ ಕಂಪನಿಯ ಕೈ ಹೆಚ್ಚಾಯಿತೇ ಎಂದು ಛತ್ರಿಗೆ ಚುರುಕ್ಕೆಂದಿತು. ಆದರೆ ಅವನ ಜೀವಕ್ಕೆ ಹೊಸದು ಬಂತಲ್ಲ ಎಂದು ನುಂಗಿಕೊಂಡಳು.

ರೇಸಿನ ಮಧ್ಯಾಹ್ನ ಕಾರು ಹೊಗೆಯೆಬ್ಬಿಸಿತು, ಅವಳ ಬೆರಳು ನೋಡುತ್ತಾ ಹಿಂದಕ್ಕೆ ಬಂತು. ಓಡುವ ಮುನ್ನ ಎರಡೂ ಚೀಲಗಳು ತಾವಾಗಿ ತೆರೆಯದಂತೆ ಹಾಕಿದ ಸೇಫ್ಟಿ ಪಿನ್ ಕೀಳುವುದೂ ಅವಳ ಕೆಲಸ. ಹಿಂದೆ ಹೋಗಿ ಎಡಗಡೆಯ ಪಿನ್ ಕಿತ್ತು, ಮಗುವಿನ ಬೆನ್ನು ತಟ್ಟುವಂತೆ ಚೀಲವನ್ನು ತಟ್ಟಿದಳು. ಗಟ್ಟಿಯಾಗಿತ್ತು. ಬಲಗಡೆಯದನ್ನು ತಟ್ಟಿದಳು. ಕೈ ಒಳಕ್ಕೆ ಇಳಿಯಿತು.

ಇನ್ನೊಮ್ಮೆ ಒತ್ತಿ ನೋಡಿದಳು. ಹೊಲಿದು ಪಳಗಿದ ಬೆರಳಿಗೆ ಹತ್ತಿಯ ಗುರುತು ಸಿಕ್ಕಿತು. ಒಳಗಿದ್ದದ್ದು ದಿಂಬು.

ಕೂಗಿದರೂ ಆ ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಓಡಿಬಂದು ಕಾರಿನ ಎದುರು ನಿಂತು ಕತ್ತಿನ ಮೇಲೆ ಕೈ ಅಡ್ಡಡ್ಡ ಆಡಿಸಿದಳು. ಎಂಜಿನ್ ಆರಿಸು ಎಂಬ ಸನ್ನೆ ಅದು. ಪಕ್ಕದ ಲೇನಿನ ಕಾರು ಆಗಲೇ ಸಿದ್ಧವಾಗಿ ನಿಂತಿತ್ತು. ಅವನ ಕಣ್ಣು ಅವಳ ಕೈಯನ್ನು ನೋಡಿತು, ಮುಖವನ್ನು ನೋಡಿತು. ಅವನು ಮೆಲ್ಲಗೆ ತಲೆಯಾಡಿಸಿದ, ಬೇಡ ಎಂದು.

ಅಲ್ಲಿಯವರೆಗೆ ಅವಳು ಕಂಪನಿಯವರು ಮೋಸ ಮಾಡಿದರೆಂದೇ ತಿಳಿದಿದ್ದಳು. ಆಗ ಅರ್ಥವಾಯಿತು. ಇವನಿಗೆ ಗೊತ್ತಿದೆ.

ಅವಳು ಪಕ್ಕಕ್ಕೆ ಸರಿಯಲಿಲ್ಲ. ಅಂಗೈ ಎರಡನ್ನೂ ಕಾರಿನ ಮೂತಿಯ ಮೇಲೆ ಊರಿ ನಿಂತಳು. ಆ ಕಣ್ಣುಗಳು ಬೇಡಿಕೊಂಡವು, ಗದರಿದವು, ಕೊನೆಗೆ ಸೋತವು. ಎಂಜಿನ್ ಆರಿತು. ಪಕ್ಕದ ಕಾರು ಒಂಟಿಯಾಗಿ ಓಡಿ ಗೆದ್ದಿತು.

ಶೆಡ್ಡಿನಲ್ಲಿ ಅಕ್ಕ ಚೀಲ ಬಿಚ್ಚಿದಳು. ಹೂವಿನ ಕವರಿನ ದಿಂಬು ಹೊರಬಂತು. ದುಡ್ಡೆಲ್ಲ ಹೊಸ ಕ್ಲಚ್ಚಿಗೆ ಹೋಗಿದೆಯೆಂದು ಅವನು ನೆಲ ನೋಡುತ್ತಾ ಒಪ್ಪಿಕೊಂಡ. ಅಕ್ಕ ದೊಪ್ಪೆಂದು ಟೈರಿನ ಮೇಲೆ ಕುಸಿದು ಕೂತಳು.

"ಇದು ನಮ್ಮನೆ ದಿಂಬು ಕಣೋ. ನಿಂಗೇನಾದ್ರೂ ಆಗಿದ್ರೆ ಅಮ್ಮನಿಗೆ ನಾನು ಏನಂತ ಹೇಳಬೇಕಿತ್ತು?"

ಅಕ್ಕ ಕಣ್ಣೊರೆಸಿಕೊಂಡು ಸ್ಪಾನ್ಸರನ್ನು ಎದುರಿಸಲು ಹೊರಗೆ ಹೋದಳು.

"ಒಂದು ತೆರೆದ್ರೂ ಕಾರು ನಿಲ್ಲುತ್ತೆ ಅಂದ್ಕೊಂಡೆ," ಎಂದ ಅವನು ಛತ್ರಿಯತ್ತ ತಿರುಗಿ. "ಎಡಗಡೇದು ನೀನು ಮಡಚಿದ್ದು. ನೀನು ಮಡಚಿದ್ದು ಯಾವತ್ತಾದ್ರೂ ತೆರೀದೆ ಹೋಗಿದ್ದುಂಟಾ? ನಿನ್ನ ಮೇಲೆ ಅಷ್ಟು ನಂಬಿಕೆ ನನಗೆ."

ಬೇರೆ ದಿನವಾಗಿದ್ದರೆ ಅವಳು ಈ ಮಾತಿಗೆ ಕರಗಿ ನೀರಾಗುತ್ತಿದ್ದಳು.

"ಅದನ್ನ ನಂಬಿಕೆ ಅನ್ನಬೇಡ. ನನ್ನನ್ನ ಒಂದು ಮಾತು ಕೇಳದೆ ನಿನ್ನ ಜೀವಾನ ಪೂರ್ತಿ ನನ್ನ ಕೈ ಮೇಲೆ ಹೊರಿಸಿದ್ದೀಯ. ಅದು ತೆರೀದೆ ಹೋಗಿದ್ರೆ, ಇದೇ ಕೈಲಿ ನಾನು ತುತ್ತು ಹೇಗೆ ಎತ್ತಬೇಕಿತ್ತು?"

ಅವನು ಇಷ್ಟು ದಿನ ತನ್ನ ಸಾವನ್ನಷ್ಟೇ ಯೋಚಿಸಿದ್ದ, ಅವಳ ಬದುಕು ಅವನಿಗೆ ಹೊಳೆದೇ ಇರಲಿಲ್ಲ. ಗ್ಲೌಸ್ ಕಳಚಿ ಅವಳ ಕೈ ಹಿಡಿದುಕೊಂಡ.

"ಗೆದ್ದು ಬಂದು ಕೇಳೋಣ ಅಂತಿದ್ದೆ. ಬರಿಗೈಲಿ ಹೇಗೆ ಕೇಳೋದು."

"ಏನನ್ನ?"

"ನನ್ನ ಮದುವೆ ಆಗ್ತೀಯಾ ಅಂತ."

"ಕೇಳೋಕೆ ಜೀವ ಇದ್ರೆ ಸಾಕಿತ್ತು, ಪೆದ್ದು," ಎಂದಳು. ಅಳು ಆಗ ಬಂತು.

"ಹೂಂ ಅಂತಾನಾ?"

"ಮೊದಲು ಆ ದಿಂಬು ಮನೇಲಿಟ್ಟು ಬಾ. ಆಮೇಲೆ ಹೇಳ್ತೀನಿ." ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಸ್ಪಾನ್ಸರ್ ಹೊರಟುಹೋಗಿದ್ದ. ಸಂಜೆ ಇಬ್ಬರೂ ಸೇರಿ ಎಡಗಡೆಯ ಪ್ಯಾರಾಚೂಟನ್ನು ಶೆಡ್ಡಿನ ನೆಲದ ಮೇಲೆ ಬಿಚ್ಚಿ ಹರಡಿದರು. ಅವಳು ಒಂದೊಂದೇ ಹಗ್ಗ, ಒಂದೊಂದೇ ಹೊಲಿಗೆ ನೋಡಿದಳು. ಎಲ್ಲೂ ಕುಂದಿರಲಿಲ್ಲ. ಆದರೆ ಕೈಯಲ್ಲಿ ಬಿಚ್ಚುವುದೇ ಬೇರೆ, ಆ ವೇಗದ ಗಾಳಿಯಲ್ಲಿ ತೆರೆಯುವುದೇ ಬೇರೆ.

"ಇವತ್ತು ಇದು ತೆರೀತಿತ್ತಾ?" ಎಂದು ಅವನು ಕೇಳಿದ.

"ಗೊತ್ತಿಲ್ಲ," ಎಂದಳು.

ಇವತ್ತಿಗೂ ಅವಳಿಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಇದನ್ನು ಬರೆದವರಿಗಂತೂ ಗೊತ್ತಾಗುವ ದಾರಿಯೇ ಇಲ್ಲ.